ಬಾಗಿಲು ಒಂದು, ಒಲೆ ಎರಡು

ವಿಮಾನದ ಟಿಕೆಟ್ಟಿಗೆಂದು ಹೋದವರನ್ನು ಚಿದಂಬರ ಹುದ್ದಾರರು ಯಾವ ಊರಿಗೆ ಎಂದು ಮೊದಲು ಕೇಳುತ್ತಿರಲಿಲ್ಲ, ಯಾವ ತಾರೀಖಿಗೆ ಎಂದೂ ಕೇಳುತ್ತಿರಲಿಲ್ಲ, ಕನ್ನಡಕವನ್ನು ಹಣೆಗೇರಿಸಿ, ಎದುರಿನ ಕುರ್ಚಿ ತೋರಿಸಿ, "ಮೊದಲ ಇದನ್ನ ಹೇಳ್ರಿ, ಹೊಂಟದ್ದು ಸುಖಕ್ಕೋ ದುಃಖಕ್ಕೋ?" ಎನ್ನುತ್ತಿದ್ದರು. ಮರಾಠಿಯವರಿಗೆ ಮರಾಠಿಯಲ್ಲಿ, ಹಿಂದಿಯವರಿಗೆ ಹಿಂದಿಯಲ್ಲಿ, ಅದೇ ಪ್ರಶ್ನೆ. ನಾಗಪುರದ ಧರಮಪೇಠದ ಗದ್ದಲದಲ್ಲಿ ಸ್ಕೂಟರು ನಿಲ್ಲಿಸಲು ಜಾಗ ಹುಡುಕಿ, ಕನ್ನಡಕದಂಗಡಿಯ ಪಕ್ಕದ ಕಡಿದಾದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ ಮನುಷ್ಯನಿಗೆ ಇದರಿಂದ ರೇಗುವುದು ಸಹಜವೇ. ಟಿಕೆಟ್ ಕೊಡುವವನಿಗೆ ನನ್ನ ಜಾತಕವೇಕೆ ಎಂದು ಎದ್ದು ಹೋದವರೂ ಉಂಟು. ಹೋದವರನ್ನು ಅವರು ಮತ್ತೆ ಕರೆಯುತ್ತಿರಲಿಲ್ಲ.

ಎತ್ತರದ ಆಳು, ಬೆನ್ನು ಕೊಂಚ ಬಾಗು. ಕಿಕ್ಕಿರಿದ ರೈಲುಡಬ್ಬಿಯಲ್ಲಿ ದಾರಿ ಬಿಡಿಸಿಕೊಳ್ಳುವವರ ಹಾಗೆ ಎಡಭುಜವನ್ನು ಮುಂದೆ ಮಾಡಿ, ಖಾಲಿ ರಸ್ತೆಯಲ್ಲೂ ಓರೆಯಾಗಿಯೇ ನಡೆಯುತ್ತಿದ್ದರು. ತಂದೆ ಲಕ್ಷ್ಮೇಶ್ವರದ ಕಡೆಯಿಂದ ರೈಲ್ವೆ ಗಾರ್ಡ್ ಆಗಿ ನಾಗಪುರಕ್ಕೆ ವರ್ಗವಾಗಿ ಬಂದವರಾದ್ದರಿಂದ ಆ ನಡಿಗೆ ಪಿತ್ರಾರ್ಜಿತವೇ ಇರಬೇಕು. ಮೇ ತಿಂಗಳಲ್ಲಿ ಡಾಂಬರು ಚಪ್ಪಲಿಗೆ ಅಂಟುವಂಥ ಬಿಸಿಲಿನಲ್ಲೂ ಮೈಮೇಲೊಂದು ಕಂದು ಬಣ್ಣದ ಕೋಟು. ಅದರ ಒಳಜೇಬಿನಲ್ಲಿ ಲವಂಗದ ಡಬ್ಬಿ, ಹೊರಜೇಬಿನಲ್ಲಿ ಮೊಂಡು ಪೆನ್ಸಿಲ್ಲು. "ಕೋಟು ಬಿಚ್ರೀ ಹುದ್ದಾರರೇ, ನಿಮ್ಮನ್ನು ನೋಡಿ ನಮಗೆ ಬೆವರುತ್ತೆ" ಎಂದರೆ, "ಗಿರಾಕಿ ವಿಮಾನ ಹತ್ತತಾನ, ನಾನು ಬನೀನಿನ ಮ್ಯಾಲೆ ಕೂಡೂದು ಬರೋಬರ್ ಆಗೂದಿಲ್ಲ" ಎನ್ನುತ್ತಿದ್ದರು. ಇಪ್ಪತ್ತಾರು ವರ್ಷ ಜನರನ್ನು ಜಗತ್ತಿನ ಮೂಲೆಮೂಲೆಗೆ ಹಾರಿಸಿದ ಈ ಪುಣ್ಯಾತ್ಮ ತಾವು ಒಮ್ಮೆಯೂ ವಿಮಾನ ಹತ್ತಿದವರಲ್ಲ. ಕೇಳಿದರೆ ಕಿವಿ ಅಡಚತಾವ ಎಂದು ನೆಪ ಹೇಳುತ್ತಿದ್ದರು.

ಒಮ್ಮೆ ನಾನು ಅಲ್ಲಿ ಕುಳಿತಿದ್ದಾಗ ವಿಮಾನ ನಿಲ್ದಾಣದ ಪಕ್ಕದ ಮಿಹಾನ್‌ನಲ್ಲಿ ವಿಮಾನ ರಿಪೇರಿಯ ಕೆಲಸ ಮಾಡುವ ಅಮೇಯ ಎಂಬ ತರುಣ ಬಂದ. ಹೊರದೇಶದಲ್ಲಿ ಅವನ ಅಜ್ಜಿ ಆಸ್ಪತ್ರೆ ಸೇರಿದ್ದಳು. ಫೋನಿನಲ್ಲಿ ತಾನೇ ಎರಡು ಕಂಪನಿಗಳ ಎರಡು ಟಿಕೆಟ್ ಆರಿಸಿಟ್ಟುಕೊಂಡಿದ್ದ. ಎರಡೂ ವಿಮಾನಗಳ ಮೇಲೆ ಕಂಪನಿಗಳ ಒಂದೇ ಒಕ್ಕೂಟದ ಲಾಂಛನವಿದೆಯಲ್ಲ, ಒಂದು ತಪ್ಪಿದರೆ ಇನ್ನೊಬ್ಬರು ಕರೆದೊಯ್ಯುತ್ತಾರೆ ಎಂದು ಅವನ ವಾದ. ಹುದ್ದಾರರು ಪೆನ್ಸಿಲ್ಲು ಕೆಳಗಿಟ್ಟರು.

"ತಮ್ಮಾ, ಒಕ್ಕೂಟ ಅಂದ್ರ ಒಂದಽ ವಾಡೇದಾಗಿನ ನೆಗೆಣ್ಣಿಯರು ತಿಳಿ. ಬಾಗಿಲು ಒಂದು, ಒಲಿ ಎರಡು. ದೀಪಾವಳಿಗೆ ಕೂಡಿ ಫೋಟೋ ತಗಿಸಿಕೋತಾರ, ಆದ್ರ ಒಬ್ಬಾಕಿ ಬೀಗರು ಬಂದ್ರ ಇನ್ನೊಬ್ಬಾಕಿ ಎಲಿ ಹಾಕೂದಿಲ್ಲ." ಒಬ್ಬರ ವಿಮಾನದ ಸೀಟನ್ನು ಇನ್ನೊಬ್ಬರು ತಮ್ಮ ನಂಬರು ಹಾಕಿ ಮಾರಬೇಕಾದರೆ ಅದಕ್ಕೆ ಬೇರೆಯೇ ಕರಾರು ಬೇಕು, ಇಬ್ಬರೂ ಒಂದೇ ದಾರಿಯಲ್ಲಿ ಹಾರುವವರಾದರೆ ಅವರು ಪೈಪೋಟಿಗಾರರು, ತನ್ನ ಗಿರಾಕಿಯನ್ನು ಇನ್ನೊಬ್ಬನ ಉಡಿಗೆ ಯಾರು ಹಾಕುತ್ತಾರೆ, ಕೆಲವರಿಗೆ ಒಕ್ಕೂಟದ ಹೊರಗಿನವರ ಜೊತೆಯೇ ಹೆಚ್ಚು ಗೆಳೆತನ, ಕೆಲವೆಡೆ ಎರಡು ದೇಶಗಳ ಸರ್ಕಾರಗಳೇ ಪರವಾನಗಿ ಕೊಡುವುದಿಲ್ಲ. ಹೀಗೆ ಅರ್ಧ ಗಂಟೆ ವಿವರಿಸಿ ಕೊನೆಗೆ, "ಕರಾರು ಇರಲಿ ಬಿಡಲಿ, ಇಡೀ ಪ್ರಯಾಣಕ್ಕ ಟಿಕೆಟ್ ಒಂದಽ ಇರಬೇಕು. ಆಗ ನಡುವ ತಪ್ಪಿದ್ರೂ ಮುಟ್ಟಸೂದು ಅವರ ಜವಾಬ್ದಾರಿ. ಎರಡು ಚೀಟಿ ಆದ್ರ ನೀ ಯಾರೋ, ಅವರು ಯಾರೋ" ಎಂದರು. ಹುಡುಗ ತಲೆಯಾಡಿಸಿದ. ನಾನು ಕಿಟಕಿಯಾಚೆ ನೋಡುತ್ತ ಕುಳಿತೆ.

ಏಕೆಂದರೆ ಈ ಜ್ಞಾನವೆಲ್ಲ ಅವರಿಗೆ ಬಂದದ್ದು ನನ್ನ ಮನೆಯಿಂದ.

ಏಳು ವರ್ಷದ ಹಿಂದಿನ ಮಾತು. ನಾನು ಮೈಸೂರಿನಿಂದ ಕೇಂದ್ರ ಸರ್ಕಾರದ ನೌಕರಿಯ ಮೇಲೆ ಬಂದು ಇಲ್ಲಿಯೇ ನೆಲೆಸಿದವನು. ನನ್ನ ಹೆಂಡತಿ ವನಜಾಕ್ಷಿಗೆ ಪಾರ್ಶ್ವವಾಯು ಬಡಿದು, ಸೋಮವಾರ ಬೆಳಿಗ್ಗೆ ಡಾಕ್ಟರು, "ಮಗಳನ್ನು ಕರೆಸಿಕೊಳ್ಳಿ" ಎಂದರು. ಮಗಳು ಆಶಾ ಜಾಂಬಿಯಾದ ತಾಮ್ರದ ಗಣಿಯೊಂದರಲ್ಲಿ ಭೂವಿಜ್ಞಾನಿ. ನಾನು ಓಡಿದ್ದು ಹುದ್ದಾರರ ಬಳಿಗೆ. ಅವರು ಕಾಗದದ ಮೇಲೆ ಎರಡು ದಾರಿ ಬರೆದರು. ಒಂದೇ ಟಿಕೆಟ್ಟಿನ ದಾರಿಯಲ್ಲಿ ಆಶಾ ಗುರುವಾರ ಬೆಳಿಗ್ಗೆ ಹತ್ತಕ್ಕೆ ನಾಗಪುರ ಮುಟ್ಟುತ್ತಾಳೆ. ಎರಡು ಕಂಪನಿಗಳ ಎರಡು ಟಿಕೆಟ್ ಜೋಡಿಸಿದರೆ ಬುಧವಾರ ಸಂಜೆಯೇ ಮುಟ್ಟುತ್ತಾಳೆ, ಆದರೆ ನಡುವೆ ವಿಮಾನ ಬದಲಿಸಲು ಸಮಯ ಕಡಿಮೆ. "ಮೊದಲನೇದು ಗಟ್ಟಿ ಅದ ರಾಯರ" ಎಂದರು.

ನಾನು ಕೂಗಾಡಿದೆ. ಗುರುವಾರದವರೆಗೆ ವನಜಾಕ್ಷಿ ಉಳಿಯುತ್ತಾಳೆಂದು ನೀವು ಬರೆದುಕೊಡುತ್ತೀರಾ ಎಂದು ಕೇಳಿದೆ. ಬುಧವಾರವೇ ಬೇಕು ಎಂದು ಮೇಜು ಗುದ್ದಿದೆ. ಅವರು ಇನ್ನೊಮ್ಮೆ ಬೇಡವೆಂದರು, ನಾನು ಅಳತೊಡಗಿದಾಗ, ಪಾಪ, ಸಮಾಧಾನಕ್ಕೆಂದು ಒಂದು ಮಾತು ಆಡಿದರು: "ಇರಲಿ ಬಿಡ್ರಿ, ಇಬ್ಬರೂ ಒಂದಽ ಒಕ್ಕೂಟದವರು, ಹಂಗೇನರ ಆದ್ರ ನೋಡಿಕೋತಾರ."

ಮೊದಲ ವಿಮಾನ ಎರಡು ತಾಸು ತಡವಾಯಿತು. ಎರಡನೆಯದು ಹೊರಟುಹೋಗಿತ್ತು. ನಿಮ್ಮದು ಬೇರೆ ಟಿಕೆಟ್ಟು, ಅವರ ತಡಕ್ಕೂ ನಮಗೂ ಸಂಬಂಧವಿಲ್ಲ ಎಂದು ಆ ಕಂಪನಿಯವರು ಆಶಾಗೆ ವಿನಯದಿಂದಲೇ ಹೇಳಿದರು. ಎರಡು ದಿನದವರೆಗೆ ಬೇರೆ ಸೀಟಿರಲಿಲ್ಲ. ಹುದ್ದಾರರು ಅಂಗಡಿಯಲ್ಲಿ ನಿಂತುಕೊಂಡೇ ಇಡೀ ಹಗಲು ಕಂಡಕಂಡ ಕಚೇರಿಗೆಲ್ಲ ಫೋನು ಮಾಡಿದರಂತೆ. ಇತ್ತ ವನಜಾಕ್ಷಿ, ಸೊಟ್ಟಗಾದ ಬಾಯಿಯಲ್ಲಿ, "ಆಶಾ ಎಲ್ಲಿಗೆ ಬಂದ್ಲು?" ಎಂದು ಕೇಳುತ್ತಿದ್ದಳು. ಮುಂಬೈಗೆ ಬಂದಿದ್ದಾಳೆ ಎಂದು ಸುಳ್ಳು ಹೇಳಿದೆ. ಮತ್ತೆ ಕೇಳಿದಳು. ಮತ್ತೆ ಮುಂಬೈ ಎಂದೆ. ಗುರುವಾರ ಮಧ್ಯಾಹ್ನ ಮೂರಕ್ಕೆ ಹೋದಳು. ಹತ್ತು ಗಂಟೆಯ ಆ ಗಟ್ಟಿ ವಿಮಾನ ಅಂದು ಹೊತ್ತಿಗೆ ಸರಿಯಾಗಿ ಇಳಿದಿತ್ತು. ಆಶಾ ಬಂದದ್ದು ಶುಕ್ರವಾರ. ಮಗಳು ತಾಯಿಯ ಮುಖ ನೋಡಿದಳು. ತಾಯಿ ಮಗಳ ಮುಖ ನೋಡಲಿಲ್ಲ.

ಹದಿಮೂರನೆಯ ದಿನದ ಊಟಕ್ಕೆ ಹುದ್ದಾರರೂ ಬಂದಿದ್ದರು. ಎಲೆಯ ಮುಂದೆ ಕುಳಿತಿದ್ದ ಅವರನ್ನು ಆಶಾ ಎಲ್ಲರೆದುರೇ ಕೇಳಿಬಿಟ್ಟಳು: "ಅಂಕಲ್, ಒಂದೇ ಟಿಕೆಟ್ ಮಾಡೋಕ್ಕಾಗ್ತಿರ್ಲಿಲ್ವಾ? ಇತನಾ ಭೀ ನಹೀ ಪತಾ ಥಾ ಆಪ್ಕೋ?" ಹುದ್ದಾರರು ಒಂದೇ ಒಂದು ಸಲ ನನ್ನ ಕಡೆ ನೋಡಿದರು. ನಾನು ಪಾಯಸದ ಪಾತ್ರೆ ಹಿಡಿದು ನಿಂತಿದ್ದೆ. "ಗೊತ್ತಿರಲಿಲ್ಲವ್ವಾ. ತಪ್ಪು ನಂದಽ" ಎಂದರು. ನಾನು ಮುಂದಿನ ಎಲೆಗೆ ಬಡಿಸಿದೆ.

ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಅಯ್ಯೋ, ಮಾಡಿದವನು ನಾನು, ಉಂಡವರು ಹುದ್ದಾರರು. ಆಶಾ ನಮ್ಮವರ ಮನೆಮನೆಯಲ್ಲೂ ಈ ಕಥೆ ಹೇಳಿ ಹೋದಳು. ಕನ್ನಡ ಸಂಘದ ಅರ್ಧ ಜನ ಅವರ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಅವರು ಯಾರಿಗೂ ಸಮಜಾಯಿಷಿ ಕೊಡಲಿಲ್ಲ; ಯಾರ ಜೊತೆ ಯಾರಿಗೆ ಕರಾರಿದೆ, ಯಾರಿಗಿಲ್ಲ ಎಂಬುದನ್ನೆಲ್ಲ ಶಾಲೆಯ ಹುಡುಗನಂತೆ ಕುಳಿತು ಕಲಿತರು, ಮತ್ತು ದುಃಖಕ್ಕೆ ಹೊರಟವರಿಗೆ ಎರಡು ಚೀಟಿ ಕೊಡುವುದಿಲ್ಲವೆಂದು ಹಟ ಹಿಡಿದರು.

ಒಂದು ಮಧ್ಯಾಹ್ನ ತಡೆಯಲಾರದೆ ಹೋಗಿ, "ಹುದ್ದಾರರೇ, ನಾನು ಆಶಾಗೆ ನಿಜ ಹೇಳಿಬಿಡ್ತೀನಿ" ಎಂದೆ. ಅವರು ಲವಂಗದ ಡಬ್ಬಿ ನನ್ನತ್ತ ಸರಿಸಿದರು. "ಬ್ಯಾಡ್ರಿ ರಾಯರ. ಆ ಹುಡುಗಿಗೆ ತಾಯಿ ಹೋದ್ಲು, ಉಳಿದಾಂವ ಅಪ್ಪ ಒಬ್ಬನಽ. ನನ್ನಂಥಾ ಏಜೆಂಟರು ಊರ ತುಂಬ ಸಿಗತಾರ." ಅಷ್ಟು ಹೇಳಿ ಫೋನು ಎತ್ತಿಕೊಂಡರು. ನನಗಾಗಬೇಕಿದ್ದದ್ದು ನಾಚಿಕೆ, ಆದದ್ದು ಬಿಡುಗಡೆ. ಅದನ್ನು ಇಲ್ಲಿ ಮುಚ್ಚಿಡಲಾರೆ.

ಕಳೆದ ಶ್ರಾವಣದಲ್ಲಿ ಹುದ್ದಾರರು ತೀರಿಕೊಂಡರು, ಎದೆನೋವು. ಆಶಾ ರಜೆಗೆಂದು ಬಂದಿದ್ದಳು. ಹೋಗಿ ಮಾತಾಡಿಸಿ ಬರೋಣ ಎಂದೆ. "ಆ ಟಿಕೆಟ್‌ನವರ ಮನೆಗಾ? ನಾನ್ ಬರಲ್ಲಪ್ಪ" ಎಂದಳು. ಒಬ್ಬನೇ ಹೋಗಿ ಬಂದೆ. ಅವರ ಹೆಂಡತಿ ಲೀಲಾ ನನಗೆ ನೀರು ಕೊಟ್ಟು, "ನಿಮ್ಮ ಮಗಳು ಅರಾಮ ಇದ್ದಾಳೇನ್ರಿ? ಇವರು ಭಾಳ ನೆನಸತಿದ್ರು" ಎಂದರು.

ಒಬ್ಬರ ಪ್ರಯಾಣಿಕನನ್ನು ಇನ್ನೊಬ್ಬರು ಹತ್ತಿಸಿಕೊಳ್ಳಲು ಕಂಪನಿಗಳಿಗೆ ಕರಾರು ಬೇಕು, ರುಜು ಬೇಕು, ಸರ್ಕಾರದ ಅಪ್ಪಣೆ ಬೇಕು. ಯಾವ ಕರಾರೂ ಇಲ್ಲದೆ ಇನ್ನೊಬ್ಬರ ತಪ್ಪನ್ನು ಹೆಗಲಿಗೇರಿಸಿಕೊಂಡು, ಸಾಯುವ ತನಕ ಇಳಿಸದೆ ನಡೆಯುವ ಕೆಲವರು ಮಾತ್ರ ಪ್ರತಿ ಊರಿನಲ್ಲೂ ಇರುತ್ತಾರೆ; ನಮ್ಮಂಥವರ ಸಂಸಾರಗಳು ನಿಂತಿರುವುದೇ ಅವರ ಮೌನದ ಮೇಲೆ. ಅವರನ್ನು ನಾವು ಹೊಗಳುವುದು ಅವರು ಹೋದ ಮೇಲೆ, ಅದೂ ಅಪಾಯವಿಲ್ಲದ ಜಾಗದಲ್ಲಿ ನಿಂತು. ಆಶಾ ಹುಟ್ಟಿ ಓದಿದ್ದೆಲ್ಲ ನಾಗಪುರದಲ್ಲಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ನಾನು ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.