ಚಾರ್ಜಿಗೆ ಹಾಕಿದ ಫೋನು

ಡಯಾಲಿಸಿಸ್ ಸೆಂಟರಿನ ಬೆಂಚಿನ ಮೇಲೆ ಅಪ್ಪ ಏದುಸಿರು ಬಿಡುತ್ತಿದ್ದರು. ನಾನು ಬಾಗಿಲಿಂದ ಕೌಂಟರಿಗೆ, ಕೌಂಟರಿಂದ ಬಾಗಿಲಿಗೆ ಓಡಾಡುತ್ತಿದ್ದೆ. ಹನ್ನೊಂದಕ್ಕೆ ಅವರ ಸರದಿ ಅಂತ ಮೂಡಲಪಾಳ್ಯದಿಂದ ಆಟೊ ಹಿಡಿದು ಮುಂಚೆಯೇ ಬಂದರೆ, ಅವರ ಮಂಚದಲ್ಲಿ ಬೇರೆಯವರು ಮಲಗಿದ್ದರು.

ಮೆಷಿನ್ ಒಂದು ಕೆಟ್ಟಿತ್ತು, ನಿಮ್ಮ ತಂದೆ ಬೆಟ್ಟಯ್ಯನವರನ್ನು ಬೆಳಗ್ಗೆ ಏಳಕ್ಕೆ ಹಾಕಿ ನಿನ್ನೆಯೇ ಆ್ಯಪ್‌ನಲ್ಲಿ ತಿಳಿಸಿದ್ದೆವು ಎಂದರು ನರ್ಸ್ ಕಲಾವತಿ. ಇನ್ನು ಸಂಜೆ ನಾಲ್ಕಕ್ಕೇ ಮಂಚ ಖಾಲಿಯಾಗುವುದು. ಅಪ್ಪನ ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ.

ಮೈಯೆಲ್ಲ ಉರಿಯಿತು. ಯಾರನ್ನು ಬೈಯಲಿ? ಆ್ಯಪ್ ಬರೆದವಳು ನಾನೇ. ಮೊದಲು ಕಲಾವತಿ ಎಲ್ಲರಿಗೂ ಫೋನ್ ಮಾಡುತ್ತಿದ್ದರು. ಹುಷಾರಿಲ್ಲದವರನ್ನು ಯಾಕೆ ಕಾಡುತ್ತೀರಿ ಎಂದು ದೊಡ್ಡ ಜಾಣೆಯ ಹಾಗೆ ನಿಲ್ಲಿಸಿದ್ದೂ ನಾನೇ. ಫೋನ್ ಚಾರ್ಜಿಗಿದ್ದಾಗ, ಯಾರೂ ಬಳಸದಿದ್ದಾಗ ಮಾತ್ರ ಆ್ಯಪ್ ಎದ್ದು ಹೊಸ ಸಮಯ ತಂದಿಡುವ ಹಾಗೆ ಮಾಡಿದ್ದೆ. ಬ್ಯಾಟರಿ ಇಳಿಯಬಾರದು, ಯಾರಿಗೂ ತೊಂದರೆಯಾಗಬಾರದು. ನನ್ನ ಫೋನಿನಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಅಪ್ಪನ ಫೋನನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಲು ಹೋದೆ. ಅವರು ಕೈ ಹಿಡಿದರು.

"ಆಫ್ ಮಾಡಿ ಹಾಕಮ್ಮ ರಂಜಿನಿ. ಆನ್ ಇದ್ರೆ ಸಿಡಿಯುತ್ತೆ."

ಆಗ ಹೊಳೆಯಿತು. ದಿನವೂ ಊಟವಾದ ಮೇಲೆ ಫೋನ್ ಆಫ್ ಮಾಡಿ, ದೇವರ ಪಟದ ಕೆಳಗೆ ಚಾರ್ಜಿಗೆ ಹಾಕುವುದು ಅಪ್ಪನ ನೇಮ. ನೋಡಿ ನಗುತ್ತಿದ್ದೆನೇ ಹೊರತು, ಆಫ್ ಆದ ಫೋನಿನಲ್ಲಿ ನನ್ನ ಆ್ಯಪ್ ಏಳುವುದು ಹೇಗೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಆನ್ ಇಟ್ಟೇ ಸಿಕ್ಕಿಸಿದೆ. ಹತ್ತು ನಿಮಿಷಕ್ಕೆ ಸಂದೇಶ ಬಂತು: ನಿಮ್ಮ ಸರದಿ ಬೆಳಗ್ಗೆ ಏಳು. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಮಾಡಿದವಳು ನಾನು, ಉಣ್ಣುತ್ತಿರುವವರು ಅಪ್ಪ. ಆದದ್ದನ್ನೆಲ್ಲ ಅವರಿಗೆ ಹೇಳಿದೆ.

ಕಲಾವತಿಯಿಂದ ಪಟ್ಟಿ ಇಸಿದುಕೊಂಡೆ. ಸಮಯ ಬದಲಾದವರು ಇನ್ನೊಬ್ಬರಿದ್ದರು, ಬ್ಯಾಡರಹಳ್ಳಿಯ ಕಸ್ತೂರೆವ್ವ. ಸಂಜೆ ಬರಬೇಕಿದ್ದವರನ್ನು ಹನ್ನೆರಡಕ್ಕೆ ಹಾಕಿದ್ದರು. ಆ್ಯಪ್‌ನಲ್ಲಿ ನೋಡಿದರೆ, ಅವರಿಗೂ ಸಂದೇಶ ತಲುಪಿರಲಿಲ್ಲ.

ಫೋನ್ ಮಾಡಲು ಹೋದವಳು ನಿಂತೆ. ಮಾಡದಿದ್ದರೆ ಅವರು ಬರುವುದಿಲ್ಲ. ಹನ್ನೆರಡರ ಮಂಚ ಅಪ್ಪನಿಗೆ ಸಿಗುತ್ತದೆ. ಯಾರಿಗೂ ಗೊತ್ತೂ ಆಗುವುದಿಲ್ಲ. ನಾಚಿಕೆಯಾಯಿತು, ಆದರೂ ಬೆರಳು ಮುಂದೆ ಹೋಗಲಿಲ್ಲ.

ಅಪ್ಪ ಪಟ್ಟಿಯನ್ನೂ ನೋಡಿದರು, ನನ್ನನ್ನೂ ನೋಡಿದರು.

"ಆಫ್ ಮಾಡಿ ಚಾರ್ಜಿಗೆ ಹಾಕಿ ಅಂತ ಕಸ್ತೂರೆವ್ವಂಗೆ ಹೇಳ್ಕೊಟ್ಟಿದ್ದು ನಾನೇ ಕಣಮ್ಮ. ಫೋನ್ ಮಾಡು."

ಮಾಡಿದೆ. ಈಗಲೇ ಹೊರಟೆ ಎಂದರು ಕಸ್ತೂರೆವ್ವ. ಅಪ್ಪ ಗಡಿಯಾರ ನೋಡಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ನಾಲ್ಕು ಗಂಟೆಗೆ ಇನ್ನೂ ಐದು ಗಂಟೆಯಿತ್ತು.