ಜೊಂಡು ಕಿತ್ತ ಮೇಲೆ

"ಇದನ್ನೂ ಕಿತ್ತುಬಿಡೋಣ್ವಾ?" ಕೊಳದ ಮೂಲೆಯಲ್ಲಿ ಉಳಿದಿದ್ದ ಜೊಂಡಿನ ಕೊನೆಯ ಪೊದೆಯನ್ನು ತೋರಿಸಿ ಪಕ್ಕದ ಮನೆಯ ಡ್ರೈವರನ ಹೆಂಡತಿ ಕೇಳಿದಳು.

ಹೊಲಿಗೆಯಕ್ಕ ಆ ಪೊದೆಯತ್ತ ನೋಡಿ, "ಕೀಳಿ, ಒಂದಿದ್ದು ಏನಾಗ್ಬೇಕು" ಎಂದಳು.

ಹಿತ್ತಲಿನ ಆ ಪುಟ್ಟ ಕೊಳ ಅವಳ ಅಣ್ಣ ತೋಡಿದ್ದು. ಜೊಂಡು, ನೀರಹುಲ್ಲುಗಳನ್ನು ಎಲ್ಲೆಲ್ಲಿಂದಲೋ ತಂದು ನೆಟ್ಟವನೂ ಅವನೇ. ಅವುಗಳ ಬುಡದಲ್ಲಿ ನೀರುಜೀರುಂಡೆಗಳು ಸಂಸಾರ ಹೂಡಿದ್ದವು. ಸೊಳ್ಳೆಮರಿ ಕಂಡರೆ ಬಿಡುತ್ತಿರಲಿಲ್ಲ. ಮದುವೆಯ ಗೋಜಿಗೇ ಹೋಗದೆ ಒಂದೇ ಸೂರಿನಡಿ ಬಾಳಿದ ಅಣ್ಣ ತಂಗಿ ಸಂಜೆ ಕಲ್ಲಿನ ಮೇಲೆ ಕೂತು ಆ ಬೇಟೆ ನೋಡುತ್ತಿದ್ದರು. ಈ ಮನೆಯಲ್ಲಿ ತಕರಾರಿಲ್ಲದೆ ಉಣ್ಣುವುದು ಈ ಜೀರುಂಡೆಗಳು ಮಾತ್ರ ಎಂದು ಅಣ್ಣ ಅವಳ ಅಡುಗೆಯನ್ನು ಛೇಡಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಸದ್ದು ಬಿಟ್ಟರೆ ಮನೆಯಲ್ಲಿ ಮಾತೇ ಇರಲಿಲ್ಲ. ಬಟ್ಟೆ ಕೊಡಲು ಬಂದವರು ಅಳತೆ ಹೇಳಿ ಹೊಸ್ತಿಲಿನಿಂದಲೇ ತಿರುಗುತ್ತಿದ್ದರು.

ಡ್ರೈವರನ ಮಗಳು ಜ್ವರ ಬಂದು ಮಲಗಿದಾಗ ಬೀದಿಯವರ ಕಣ್ಣೆಲ್ಲ ಕೊಳದ ಮೇಲೆ ಬಿತ್ತು. ಜೊಂಡೇ ಸೊಳ್ಳೆಗಳ ತವರುಮನೆ, ಕಿತ್ತು ಹಸನು ಮಾಡೋಣ ಎಂದು ನಾಲ್ಕಾರು ಜನ ಬಂದರು. ಹಾಗಲ್ಲ ಎನ್ನಲು ಹೊಲಿಗೆಯಕ್ಕ ಬಾಯಿ ತೆರೆದಿದ್ದಳು. ಅಷ್ಟರಲ್ಲಿ ಡ್ರೈವರನ ಹೆಂಡತಿ ಅವಳ ಭುಜದ ಮೇಲೆ ಕೈಯಿಟ್ಟು, "ಅಕ್ಕಾ, ಒಬ್ರೇ ಹೇಗಿರ್ತೀರಿ ಇಲ್ಲಿ?" ಎಂದಳು. ಹೊಲಿಗೆಯಕ್ಕ ಪಕ್ಕಕ್ಕೆ ಸರಿದು ಅವರಿಗೆ ಹಿತ್ತಲಿನ ದಾರಿ ಬಿಟ್ಟಳು.

ಆ ದಿನ ಹಿತ್ತಲಲ್ಲಿ ನಗು, ಹರಟೆ. ಎಲ್ಲರಿಗೂ ಚಹಾ ಮಾಡಿದಳು. ಲೋಟ ಸಾಲದೆ ಅಣ್ಣನದನ್ನೂ ತೆಗೆದಳು. ಜೊಂಡನ್ನು ಗಾಡಿಗೆ ಹೇರಿಕೊಂಡು ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಬೋಳು ನೀರಿನಲ್ಲಿ ಸೊಳ್ಳೆಮರಿಗಳು ಮಿಜಿಮಿಜಿ ಎನ್ನಲು ಬಹಳ ದಿನ ಬೇಕಾಗಲಿಲ್ಲ. ಹುಡುಕಿದರೂ ಒಂದು ಜೀರುಂಡೆ ಇಲ್ಲ. ಬೀದಿಗೆ ಬೀದಿಯೇ ಕೆರೆದುಕೊಳ್ಳತೊಡಗಿತು. ಈ ಸಲ ಡ್ರೈವರನ ಹೆಂಡತಿ ಬೇಲಿಯಾಚೆಯೇ ನಿಂತು, ಮಣ್ಣು ಸುರಿದು ಮುಚ್ಚಿಸಿಬಿಡಿ ಎಂದಳು.

"ಮುಚ್ಚಲ್ಲ. ಜೊಂಡಿದ್ದಾಗ ಅದರಲ್ಲಿರೋ ಹುಳಗಳು ಸೊಳ್ಳೇನ ತಿಂತಿದ್ವು. ನಂಗೆ ಗೊತ್ತಿತ್ತು."

"ಗೊತ್ತಿದ್ದೂ ಹೇಳ್ಲಿಲ್ವಾ? ನನ್ನ ಮಗಳು ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ."

"ಹೇಳಿದ್ರೆ ನೀವೆಲ್ಲ ಆಗ್ಲೇ ಎದ್ದು ಹೋಗ್ತಿದ್ರಿ."

ಡ್ರೈವರನ ಹೆಂಡತಿ ತಿರುಗಿ ತನ್ನ ಮನೆಯೊಳಗೆ ಹೋದಳು. ಅಂದಿನಿಂದ ಬೀದಿಯವರ ಮಾತು ಪೂರಾ ನಿಂತಿತು.

ಹೊಲಿಗೆಯಕ್ಕ ದಿನಾ ತೆಳು ಬಟ್ಟೆಯಲ್ಲಿ ಮರಿಗಳನ್ನು ಸೋಸಿ ತೆಗೆದಳು. ರೈಲುಹಳಿಯ ಪಕ್ಕದ ಹಳ್ಳಕ್ಕಿಳಿದು ಜೊಂಡಿನ ಗಡ್ಡೆ ಅಗೆದು ತಂದಳು. ಕೆಸರಲ್ಲಿ ಕೂತು ಒಂದೊಂದನ್ನೇ ನೆಟ್ಟಳು. ಡ್ರೈವರನ ಮಗಳು ಚೇತರಿಸಿಕೊಂಡು ಶಾಲೆಗೆ ಹೊರಟ ಹೊತ್ತಿಗೆ ನೀರಿನ ಮೇಲೆ ಹಸಿರು ಮೊಳಕೆ ಕಾಣಿಸಿಕೊಂಡಿತ್ತು.

ಒಂದು ಮಧ್ಯಾಹ್ನ ಹೊಲಿಗೆಯಕ್ಕ ಬಟ್ಟೆ ತಲುಪಿಸಿ ಬರುತ್ತಿದ್ದಾಗ, ಡ್ರೈವರನ ಹೆಂಡತಿ ಆಗಷ್ಟೇ ತೊಳೆದ ಕಾರಿನ ಮೇಲೆ ಟಪ್ಪೆಂದು ಏನೋ ಬಿತ್ತು. ನೀರುಜೀರುಂಡೆ. ಹೊಳಪನ್ನೇ ನೀರೆಂದು ನಂಬಿ ಇಳಿದು, ಮುಳುಗಲಾಗದೆ ಗಿರಕಿ ಹೊಡೆಯುತ್ತಿತ್ತು.

"ಇಲ್ಲಲ್ಲ ಕಣೋ," ಎಂದಳು ಹೊಲಿಗೆಯಕ್ಕ, ಮೆಲ್ಲಗೆ. ಎಷ್ಟೋ ದಿನದ ಮೇಲೆ ಆಡಿದ ಮಾತು. ದನಿ ಗೊರಗೊರ ಎಂದಿತು.

ಅದನ್ನು ಎರಡೂ ಕೈಗಳ ಬೊಗಸೆಯೊಳಗೆ ಮುಚ್ಚಿಕೊಂಡು ತನ್ನ ಗೇಟಿನ ಮುಂದೆ ನಿಂತಳು. ಚಿಲಕ ತೆಗೆಯಲು ಕೈ ಇರಲಿಲ್ಲ. ಹಿಂದಿನಿಂದ ಬಂದ ಡ್ರೈವರನ ಹೆಂಡತಿ ಒದ್ದೆ ಕೈಯಿಂದಲೇ ಚಿಲಕ ಸರಿಸಿದಳು. ಹೊಲಿಗೆಯಕ್ಕನ ಅಂಗೈಯೊಳಗೆ ಪುಟ್ಟ ಕಾಲುಗಳು ದೋಣಿಯ ಹುಟ್ಟಿನಂತೆ ಆಡುತ್ತಲೇ ಇದ್ದವು.