ಹನ್ನೊಂದು ಸೀಳು

"ಈ ನೀರೇನು ನಿನ್ನಪ್ಪ ತಂದು ಸುರಿದದ್ದೇನೋ, ಬೋಳಿಮಗನೇ?"

ಹಿನ್ನೀರಿನ ಮೀನುಗುತ್ತಿಗೆ ಹಿಡಿದಿದ್ದ ಹರಿಹರ ಬೂತಪ್ಪನ ಬುಟ್ಟಿಯನ್ನು ಒದ್ದ. ತೋಳುದ್ದದ ಬಾಳೆಮೀನೊಂದು ಕೆಸರಿಗೆ ಉರುಳಿತು. ಅದರ ಹಿಂದೆ ಎರಡು ಕೊರವ ಮೀನು, ಒಂದು ಹಾವುಮೀನು.

ಬೂತಪ್ಪ ತಲೆಯೆತ್ತಲಿಲ್ಲ. "ಕಾಟ್ಲ, ರೋಹು, ಮೃಗಾಲ ನೀವು ಮರಿ ಬಿಟ್ಟಿದ್ದು, ಒಡೆಯಾ. ಅವ್ನ ನಾವು ಮುಟ್ಟಿಲ್ಲ. ಇವು ಹೊಳೆಯವು. ಅಣೆಕಟ್ಟು ಕಟ್ಟೋಕಿಂತ ಮೊದ್ಲಿಂದ್ಲೂ ಇದ್ವು."

"ಹೊಳೆ ಎಲ್ಲೈತೋ ಈಗ? ತೋರ್ಸು ನೋಡಾಣ! ನೀರೊಳಗೆ ಇರೋದೆಲ್ಲ ನನ್ನ ಗುತ್ತಿಗೇಲೇ ಬತ್ತದೆ."

ಜೊತೆಗೆ ಬಂದಿದ್ದ ಆಳಿನ ಕೈಯಿಂದ ಕತ್ತಿಯನ್ನು ಕಸಿದುಕೊಂಡು, ದಡದಲ್ಲಿ ಕವುಚಿಟ್ಟಿದ್ದ ತೆಪ್ಪದ ಮೇಲೆ ಅವನೇ ಬೀಸಿದ. ಬಿದಿರ ಹೆಣಿಗೆಗೆ ಗೊಬ್ಬರದ ಚೀಲ ಹೊಲಿದು ಡಾಂಬರು ಬಳಿದ ದುಂಡು ತೆಪ್ಪ ಅದು, ಗಂಡಹೆಂಡಿರಿಬ್ಬರ ಅನ್ನ. ಬೂತಪ್ಪನ ಹೆಂಡತಿ ವೆಂಕಮ್ಮ ಏಟುಗಳನ್ನು ಎಣಿಸಿದಳು. ಹನ್ನೊಂದು.

ಹಿಂದಿನ ಸಂಜೆ ಬಿಟ್ಟ ಬಲೆ ಇನ್ನೂ ನೀರಿನಲ್ಲಿತ್ತು. ಮರುದಿನ ಬೂತಪ್ಪ ಲಾರಿಯ ಟ್ಯೂಬು ತಬ್ಬಿಕೊಂಡು ಅದನ್ನು ಎತ್ತಲು ಹೋದ. ಟ್ಯೂಬು ಮಾತ್ರ ದಡಕ್ಕೆ ಬಂತು.

ಈಜಿ ಹುಡುಕಿ ಸೋತು, ನೀರೊಸರುವ ಸೀರೆಯಲ್ಲೇ ವೆಂಕಮ್ಮ ಹರಿಹರನ ಶೆಡ್ಡಿಗೆ ಓಡಿದಳು. ಬೇಗ ಮುಟ್ಟಬಲ್ಲ ಮೋಟಾರು ದೋಣಿ ಇದ್ದದ್ದು ಅವನೊಬ್ಬನಲ್ಲಿ. ಅವನು ಉಣ್ಣುತ್ತಿದ್ದ.

"ಮೂರು ದಿನ ತಡಿ ಮಾರಾಯ್ತಿ, ತಾನೇ ತೇಲ್ತಾನೆ. ಅವನಿಗೋಸ್ಕರ ಪೆಟ್ರೋಲು ಸುಡ್ಲಾ?"

ಬೂತಪ್ಪ ಮೂರನೆಯ ದಿನ ತೇಲಲಿಲ್ಲ. ಏಳನೆಯ ದಿನ, ಮುಳುಗಿದ ಕಾಡಿನ ಮರದ ಬೊಡ್ಡೆಯೊಂದಕ್ಕೆ ಸಿಕ್ಕಿಕೊಂಡದ್ದನ್ನು ಕೇರಿಯವರು ಬಿಡಿಸಿ ತಂದರು. ಮುಖವಿರಲಿಲ್ಲ. ಉಡಿದಾರ ನೋಡಿ ವೆಂಕಮ್ಮ ಹೌದೆಂದಳು.

ತೆಪ್ಪವನ್ನು ಅವಳು ಹೊಲಿಯಲಿಲ್ಲ, ಹೊಲಿಯಲು ಯಾರನ್ನೂ ಬಿಡಲಿಲ್ಲ. ಸೀಳುಗಳು ಆಕಾಶ ನೋಡುವಂತೆ ಗುಡಿಸಲ ಮುಂದೆಯೇ ಕವುಚಿಟ್ಟು, ಪಕ್ಕದಲ್ಲಿ ಕುಳಿತು ಪರರ ಬಲೆ ಸರಿಮಾಡಿ ಹೊಟ್ಟೆ ಹೊರೆದಳು. ಹೀಗೆ ನಾಲ್ಕು ತಿಂಗಳು ಕಳೆಯಿತು.

ಎರಡು ಸಾವಿರದ ಆರನೆಯ ಇಸವಿಯ ಮಾರ್ಚಿನಲ್ಲಿ ಹರಿಹರನ ತಮ್ಮ ಧರ್ಮೇಶ್ ಕುಡಿದು, ಗೆಳೆಯರಿಬ್ಬರನ್ನು ಕೂರಿಸಿಕೊಂಡು ಮೋಟಾರು ದೋಣಿ ಓಡಿಸಿದ. ಅದು ಬೊಡ್ಡೆಗೆ ಬಡಿದು ಮಗುಚಿತು. ಲೈಫ್ ಜಾಕೆಟ್ಟು ತೊಟ್ಟಿದ್ದ ಗೆಳೆಯರು ತೇಲಿದರು. ತೊಡದ ಧರ್ಮೇಶ್ ಸಿಗಲಿಲ್ಲ. ನರಸಿಂಹರಾಜಪುರದಿಂದ ಬಂದ ಜನ ಎರಡು ದಿನ ಹುಡುಕಿ ಕೈಚೆಲ್ಲಿದರು. ಬೊಡ್ಡೆಗಳ ನಡುವೆ ಕೊಕ್ಕೆಹಗ್ಗ ಎಳೆದು ತಳದ ಹೆಣ ಎತ್ತುವ ಜಾಡು ಬಲ್ಲವಳು ಈಗ ವೆಂಕಮ್ಮ ಒಬ್ಬಳೇ. ಕೇರಿಯ ಉಳಿದ ಆರು ತೆಪ್ಪದವರು ಒಂದೇ ಮಾತು ಹೇಳಿದರು: "ವೆಂಕಮ್ಮ ಇಳೀದೆ ನಾವು ಇಳಿಯಲ್ಲ."

ಮೂರನೆಯ ಬೆಳಿಗ್ಗೆ ಹರಿಹರ ಪೊಲೀಸಿನವನೊಬ್ಬನನ್ನು ಕರೆದುಕೊಂಡು ಗುಡಿಸಲಿಗೆ ಬಂದ.

"ಏಯ್, ಹೆಣ ಎತ್ತೋದು ನಿಮ್ಮ ಕಸುಬಲ್ವೇನೇ? ಏಳೇ ಮೇಲೆ," ಎಂದ ಪೊಲೀಸಿನವನು.

"ಕಸುಬೇ, ಸ್ವಾಮಿ. ನಾನೂ ನನ್ನ ಗಂಡನೂ ಹದಿನಾಲ್ಕು ಎತ್ತಿದೀವಿ. ತೆಪ್ಪ ಎಲ್ಲೈತೆ?"

"ಹೊಸಾದು ತರಿಸ್ತೀನಿ," ಎಂದ ಹರಿಹರ. "ಇಲ್ಲಾ, ಈ ಕೇರಿಯೋರದ್ದೇ ಒಂದು ತಗೋ."

"ಬ್ಯಾಡ. ಇದೇ ಆಗ್ಬೇಕು. ಸೀಳಿದೋರೇ ಹೊಲೀಲಿ."

ಅವಳು ದಬ್ಬಳವನ್ನೂ ನೈಲಾನು ದಾರವನ್ನೂ ಅವನ ಕಾಲ ಬಳಿ ಇಟ್ಟಳು. ಪೊಲೀಸಿನವನ ಲಾಠಿ ಮೇಲೆದ್ದಿತು. ಆರು ಗುಡಿಸಲುಗಳ ಮುಂದೆ ಆರು ಮಂದಿ ಹುಟ್ಟು ಹಿಡಿದು ಎದ್ದು ನಿಂತರು. ಲಾಠಿ ಕೆಳಗಿಳಿಯಿತು.

ಹರಿಹರ ಮಂಡಿಯೂರಿದ. ಮೊದಲ ಸೀಳಿನಲ್ಲೇ ದಬ್ಬಳ ಬೆರಳಿಗೆ ಹೊಕ್ಕಿತು.

"ಹೊಲಿಗೆ ದೂರ ಆಯ್ತು. ಬಿಚ್ಚಿ," ಎಂದಳು ವೆಂಕಮ್ಮ.

ಬಿಚ್ಚಿದ. ಮೂರನೆಯ ಸೀಳನ್ನು ಮೂರು ಸಲ ಬಿಚ್ಚಿದ. ನೆರೆಮನೆಯ ಶೇಷಮ್ಮ ಎಲೆಯಡಿಕೆ ಉಗುಳಿ, "ವೆಂಕೀ, ಒಡೆಯರಿಗೆ ಬಾಳೆಹೊನ್ನೂರಾಗೆ ಒಂದು ಟೈಲರ್ ಅಂಗಡಿ ಹಾಕ್ಸಿ ಕೊಡಾಣ ಕಣೇ," ಎಂದಳು. ಹೆಂಗಸರು ನಕ್ಕರು.

ಏಳನೆಯ ಸೀಳಿನ ಹೊತ್ತಿಗೆ ಅವನು ದಬ್ಬಳ ಕೆಳಗಿಟ್ಟ. "ಅವನು ನೀರೊಳಗಿದಾನೆ ಕಣೇ..."

"ಗೊತ್ತು. ಕಾಟ್ಲ ಮೇಲಿರ್ತದೆ, ರೋಹು ನಡುವೆ, ಅವು ಹೆಣ ಮುಟ್ಟಲ್ಲ. ಮೃಗಾಲ ಕೆಸರು ತಿಂತದೆ. ಇನ್ನು ಬಾಳೆಮೀನು, ಹಾವುಮೀನು... ಅವೂ ನಿಮ್ಮ ಗುತ್ತಿಗೆಯವೇ ಅಲ್ವಾ, ಒಡೆಯಾ? ಹೊಲೀರಿ."

ಹನ್ನೊಂದನೆಯದಕ್ಕೆ ಬರುವಾಗ ಬಿಸಿಲು ನೆತ್ತಿ ದಾಟಿತ್ತು. ಅವಸರದಲ್ಲಿ ಹೊಲಿಗೆಹೊಲಿಗೆಯ ನಡುವೆ ಬೆರಳು ತೂರುವಷ್ಟು ಜಾಗ ಬಿತ್ತು. ವೆಂಕಮ್ಮ ಬಗ್ಗಿ ನೋಡಿದಳು.

"ಸಾಕು," ಎಂದಳು.

ಡಾಂಬರನ್ನು ತಾನೇ ಬಳಿದಳು. ಹನ್ನೊಂದನೆಯದರ ಮೇಲೆ ಕುಂಚ ತೆಳ್ಳಗೆ ಆಡಿತು. ಅದು ಆರಿದ ಮೇಲೆ ತೆಪ್ಪವನ್ನು ನೀರಿಗಿಳಿಸಿ, ಹುಟ್ಟು ತೆಗೆದುಕೊಂಡು, ಕೊಕ್ಕೆಹಗ್ಗವನ್ನು ಅವನತ್ತ ಚಾಚಿದಳು.

"ಒಬ್ರು ಹುಟ್ಟು ಹಾಕ್ಬೇಕು, ಒಬ್ರು ಹಗ್ಗ ಹಿಡೀಬೇಕು. ನನ್ನ ಹಗ್ಗ ಹಿಡಿಯೋನು ಹೋದ. ಹತ್ತಿ."

ಈಜು ಬಾರದ ಹರಿಹರ ಕೇರಿಯವರತ್ತ ನೋಡಿದ. ಯಾರೂ ಕದಲಲಿಲ್ಲ. ಶೆಡ್ಡಿನಿಂದ ತರಿಸಿದ್ದ ಲೈಫ್ ಜಾಕೆಟ್ಟು ತೊಟ್ಟು ಪಟ್ಟಿ ಬಿಗಿಯತೊಡಗಿದ.

"ಅದು ಹಗ್ಗಕ್ಕೆ ಅಡ್ಡ ಬತ್ತದೆ. ಬಿಚ್ಚಿಡಿ."

ಬಿಚ್ಚಿಟ್ಟು ಹತ್ತಿದ.

ದಡದ ಮಾತು ಕೇಳಿಸದಷ್ಟು ದೂರ ಹೋದ ಮೇಲೆ ಬೊಡ್ಡೆಗಳ ನೆತ್ತಿಗಳು ಕಂಡವು. ಹರಿಹರ ಹಗ್ಗ ಇಳಿಬಿಟ್ಟ. ಅದು ಎಲ್ಲಿಯೂ ತಗುಲಲಿಲ್ಲ. ಮೊದಲು ಅವನ ಹಿಮ್ಮಡಿ ಒದ್ದೆಯಾಯಿತು, ಆಮೇಲೆ ಪಾದ.

"ಒಳಗೆ ನೀರು ಬರ್ತಿದೆ."

ವೆಂಕಮ್ಮ ಹುಟ್ಟು ಹಾಕಿದಳು.

"ವೆಂಕಮ್ಮಾ, ನೀರು! ತೋಡೋ ಡಬ್ಬ ಎಲ್ಲಿ?"

ಅಷ್ಟು ವರ್ಷಗಳಲ್ಲಿ ಅವನು ಅವಳನ್ನು ಪೂರ್ತಿ ಹೆಸರಿನಿಂದ ಕರೆದದ್ದು ಅದೇ ಮೊದಲು.

"ದಡದಾಗೈತೆ," ಎಂದಳು ಅವಳು. ಸೆರಗನ್ನು ಸೊಂಟಕ್ಕೆ ಬಿಗಿದು, ತೆಪ್ಪವನ್ನು ಇನ್ನೂ ಆಳದತ್ತ ತಿರುಗಿಸಿದಳು. "ಹಗ್ಗ ಬಿಡ್ಬ್ಯಾಡಿ, ಒಡೆಯಾ."